ಕಿಡ್ನಿ ಬಯಾಪ್ಸಿಗೆ ಹೂಂ ಅನ್ನುವ ಮುಂಚೆ

ಬಯಾಪ್ಸಿ, ಅಂದರೆ ಸೂಜಿಯಿಂದ ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡುವುದು, ಅಂದ ತಕ್ಷಣ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಕ್ಯಾನ್ಸರಾ?" ಅಲ್ಲ. ನನ್ನಂಥವರಿಗೆ ಇದನ್ನು ಮಾಡುವುದು ಗಡ್ಡೆ ಹುಡುಕುವುದಕ್ಕಲ್ಲ. ಮೂತ್ರದಲ್ಲಿ ದಿನಕ್ಕೆ 1 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಹೋಗುತ್ತಿತ್ತು, ರಕ್ತದ ಕಣಗಳೂ ಇದ್ದವು, ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಹೆಚ್ಚಾಗುವ ಕಸ) ನಿಧಾನಕ್ಕೆ ಏರುತ್ತಿತ್ತು. ಏನಾಗುತ್ತಿದೆ ಅನ್ನುವುದನ್ನು ಈ ಟೆಸ್ಟುಗಳು ಹೇಳುತ್ತವೆ. ಯಾಕೆ ಅನ್ನುವುದನ್ನು ಎಷ್ಟೋ ಸಲ ಹೇಳುವುದಿಲ್ಲ.

ಸೂಜಿಯ ಹೆದರಿಕೆ ನನಗೂ ಇತ್ತು, ಇಲ್ಲ ಅನ್ನಲ್ಲ. ಆದರೆ ನಾನು ಡಾಕ್ಟರ ಹತ್ತಿರ ಮೊದಲು ಕೇಳಿದ್ದು ಬೇರೆ. "ರಿಪೋರ್ಟ್ ಏನೇ ಬರಲಿ, ಕೊಡುವ ಔಷಧಿ ಒಂದೇನಾ?" ಹೌದು ಅಂದಿದ್ದರೆ ಸುಮ್ನೆ ಯಾಕೆ ಚುಚ್ಚಿಸಿಕೊಳ್ಳಬೇಕು? ನಮ್ಮ ಸಂಬಂಧಿಕರೊಬ್ಬರಿಗೆ ಹಾಗೇ ಆಯಿತು. ಅವರಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ, ಕಣ್ಣಿನ ಪರದೆಗೂ ಅದರಿಂದ ತೊಂದರೆಯಾಗಿತ್ತು, ಪ್ರೋಟೀನ್ ನಿಧಾನಕ್ಕೆ ಏರಿತ್ತು, ಮೂತ್ರದಲ್ಲಿ ರಕ್ತ ಇರಲಿಲ್ಲ. ಕಾರಣ ಹೆಚ್ಚುಕಮ್ಮಿ ಕಣ್ಣೆದುರಿಗೇ ಇತ್ತು. ಅವರ ಡಾಕ್ಟರ್ ಬಯಾಪ್ಸಿ ಬೇಡ ಅಂದರು.

ನನ್ನ ವಿಷಯ ಹಾಗಿರಲಿಲ್ಲ. ಸಕ್ಕರೆ ಇಲ್ಲ. ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇರಬಹುದಾ ಅಂತ ಮಾಡಿದ ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಪ್ರೋಟೀನ್ ಸೋರುವುದನ್ನೂ ಕಡಿಮೆ ಮಾಡುವಂಥ ಬಿಪಿ ಮಾತ್ರೆ ಕೊಟ್ಟು ಕೆಲವು ತಿಂಗಳು ಕಾದರೂ ಪ್ರೋಟೀನ್ ಇಳಿಯಲಿಲ್ಲ. ಡಾಕ್ಟರ ಅನುಮಾನ ಐಜಿಎ ನೆಫ್ರೋಪತಿ ಮೇಲಿತ್ತು, ಅಂದರೆ ಐಜಿಎ ಅನ್ನುವ ರೋಗನಿರೋಧಕ ಪ್ರೋಟೀನ್ ಕಿಡ್ನಿಯ ಸೋಸುವ ಭಾಗದಲ್ಲಿ ಸೇರಿಕೊಳ್ಳುವ ಕಾಯಿಲೆ. ಅದನ್ನು ಖಚಿತವಾಗಿ ಹೇಳುವುದಕ್ಕೆ ಬಯಾಪ್ಸಿ ಬಿಟ್ಟು ಬೇರೆ ದಾರಿ ಇಲ್ಲ. ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸುವ ಸ್ಟೀರಾಯ್ಡ್ ಕೊಡಬೇಕಾ ಬೇಡವಾ ಅನ್ನುವುದೂ ಅದರ ಮೇಲೆ ನಿಂತಿತ್ತು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿನ್ನುವುದರಲ್ಲಿ ಇರುವ ಅಪಾಯದ ಮುಂದೆ ಈ ಸೂಜಿ ನನಗೆ ಚಿಕ್ಕದಾಗಿ ಕಂಡಿತು.

ಎರಡನೇ ಪ್ರಶ್ನೆ, ನನ್ನ ಕಿಡ್ನಿ ಇದಕ್ಕೆ ತಕ್ಕ ಸ್ಥಿತಿಯಲ್ಲಿದೆಯಾ? ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿ ಸಾಮಾನ್ಯ ಗಾತ್ರದಲ್ಲಿದ್ದವು. 9 ಸೆಂಟಿಮೀಟರ್‌ಗಿಂತ ಕುಗ್ಗಿಹೋಗಿದ್ದರೆ ಸಾಮಾನ್ಯವಾಗಿ ಹಿಂದೆಮುಂದೆ ನೋಡುತ್ತಾರೆ. ಅಲ್ಲಿ ಸಿಗುವುದು ಬರೀ ಗಾಯದ ಕಲೆ, ರಕ್ತ ಸೋರುವ ಭಯವೂ ಜಾಸ್ತಿ. ಬಿಪಿ ಹತೋಟಿಯಲ್ಲಿರಬೇಕು, 140/90ಕ್ಕಿಂತ ಕಡಿಮೆ. ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಟೆಸ್ಟ್ ನೋಡುತ್ತಾರೆ. ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ. ಹೃದಯಕ್ಕೆ ಅಂತ ಕೊಟ್ಟಿದ್ದನ್ನು ನೀವೇ ನಿಲ್ಲಿಸಬೇಡಿ, ಅದನ್ನು ಇಬ್ಬರು ಡಾಕ್ಟರೂ ಮಾತಾಡಿಕೊಂಡು ಹೇಳಲಿ.

ಅಪಾಯ ಎಷ್ಟು ಅಂತ ನೇರವಾಗಿ ಕೇಳಿದೆ. "ಏನೂ ಆಗಲ್ಲ ಬಿಡಿ" ಅನ್ನುವ ಉತ್ತರ ನನಗೆ ಬೇಕಿರಲಿಲ್ಲ. 100 ಜನರಲ್ಲಿ ಸುಮಾರು 4 ಜನರಿಗೆ ಮೂತ್ರ ಕೆಂಪಾಗುವಷ್ಟು ರಕ್ತ ಹೋಗುತ್ತದೆ, ಒಬ್ಬಿಬ್ಬರಿಗೆ ರಕ್ತ ಕೊಡಬೇಕಾಗಿ ಬರುತ್ತದೆ. ರಕ್ತ ನಿಲ್ಲಿಸುವುದಕ್ಕೆ ಇನ್ನೊಂದು ಚಿಕಿತ್ಸೆ ಬೇಕಾಗುವುದು ಅದಕ್ಕಿಂತ ತುಂಬಾ ಕಡಿಮೆ. ಕಿಡ್ನಿಯನ್ನೇ ಕಳೆದುಕೊಳ್ಳುವುದು ಬಹಳ ಅಪರೂಪ. ಇದನ್ನು ಕೇಳಿದ ಮೇಲೆ ಮನೆಯವರೂ ಒಪ್ಪಿದರು.

ಅವತ್ತು ನಡೆದದ್ದು ಚಿಕ್ಕ ಕೆಲಸ. ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ದಿಂಬಿಟ್ಟರು. ಸ್ಕ್ಯಾನ್ ನೋಡುತ್ತಾ ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಉರಿದದ್ದು ಅದೊಂದೇ. "ಉಸಿರು ಹಿಡಿದುಕೊಳ್ಳಿ" ಅಂದರು, ಟಕ್ ಅಂತ ಸದ್ದಾಯಿತು, ಒಳಗೆ ಯಾರೋ ಗುದ್ದಿದ ಹಾಗಾಯಿತು. ಬಂದದ್ದು ದಾರದಷ್ಟು ತೆಳ್ಳಗಿನ ತುಣುಕು. ಒಂದು ಕಿಡ್ನಿಯಲ್ಲಿ ರಕ್ತ ಸೋಸುವ ಗ್ಲೊಮೆರುಲಸ್‌ಗಳು ಸುಮಾರು 10 ಲಕ್ಷ ಇರುತ್ತವೆ, ಆ ತುಣುಕಿನಲ್ಲಿ ಹತ್ತೋ ಇಪ್ಪತ್ತೋ ಸಿಕ್ಕರೆ ಸಾಕು. ಕಷ್ಟ ಅನಿಸಿದ್ದು ಆಮೇಲೆ ಅಲುಗಾಡದೆ ಮಲಗಿದ್ದದ್ದು. ಮಲಗಿಕೊಂಡೇ ಮೂತ್ರ ಮಾಡುವುದನ್ನು ಮುಂಚೆಯೇ ರೂಢಿ ಮಾಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ! ಪ್ರತಿ ಸಲದ ಮೂತ್ರವನ್ನೂ ನರ್ಸ್ ಒಂದೊಂದು ಬಾಟಲಿಯಲ್ಲಿ ಸಾಲಾಗಿ ಇಟ್ಟು ಬಣ್ಣ ನೋಡುತ್ತಿದ್ದರು. ತೊಂದರೆ ಬಂದರೆ ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ ಬರುತ್ತದೆ. ಅದಕ್ಕೇ ರಾತ್ರಿ ಅಲ್ಲೇ ಉಳಿಸಿಕೊಂಡರು. ಮನೆಗೆ ಬಂದ ಮೇಲೂ ಕೆಲವು ದಿನ ಭಾರ ಎತ್ತಬೇಡಿ ಅಂದರು.

ರಿಪೋರ್ಟಿನಲ್ಲಿ ಐಜಿಎ ಅಂತಲೇ ಬಂತು. ಕೆಳಗೆ "ಎಂ1 ಇ0 ಎಸ್1 ಟಿ0 ಸಿ0" ಅಂತ ಒಂದು ಸಾಲು, ಕಿಡ್ನಿಯಲ್ಲಿ ಕಂಡ ಬೇರೆಬೇರೆ ಬಗೆಯ ಹಾನಿಗೆ ಕೊಟ್ಟ ಅಂಕಗಳು. ನನ್ನ ಡಾಕ್ಟರ್ ಬೆರಳಿಟ್ಟು ತೋರಿಸಿದ್ದು ಟಿ0 ಮೇಲೆ: ವಾಪಸ್ ಬಾರದಂಥ ಹಳೆಯ ಹಾನಿ ಕಾಲುಭಾಗ ದಾಟಿಲ್ಲ. ಸ್ಟೀರಾಯ್ಡ್ ಸದ್ಯಕ್ಕೆ ಬೇಡ ಅಂತಾಯಿತು. ಬಿಪಿ ಮಾತ್ರೆಯ ಡೋಸ್ ಏರಿಸಿ, ಡಪಾಗ್ಲಿಫ್ಲೋಜಿನ್ (ಸಕ್ಕರೆ ಕಾಯಿಲೆಗೆ ಬಂದ ಮಾತ್ರೆ, ಸಕ್ಕರೆ ಇಲ್ಲದವರಿಗೂ ಕಿಡ್ನಿ ಕಾಪಾಡಲು ಕೊಡುತ್ತಾರೆ) ಸೇರಿಸಿದರು. ಉಪ್ಪು ಕಡಿಮೆ ಮಾಡಿದೆ. ಈಗ ಪ್ರೋಟೀನ್ ಇಳಿಯುತ್ತಿದೆ.

ನಾನು ಇಷ್ಟೆಲ್ಲ ಯೋಚಿಸೋಕೆ ಆದದ್ದು ನನ್ನ ಕ್ರಿಯಾಟಿನಿನ್ ನಿಧಾನಕ್ಕೆ ಏರುತ್ತಿದ್ದುದರಿಂದ. ಕೆಲವೇ ವಾರದಲ್ಲಿ ಅದು ದುಪ್ಪಟ್ಟಾಗುತ್ತಿದ್ದರೆ ಲೆಕ್ಕವೇ ಬೇರೆ. ಆಗ ಡಾಕ್ಟರ್ ಇವತ್ತೇ ಅಡ್ಮಿಟ್ ಆಗಿ ಅಂದರೆ ನಾಳೆ ಅನ್ನಬೇಡಿ.