ಟೀ ಡಬ್ಬಿ ವಾಪಸ್ ಬಂದೇ ಬರುತ್ತದೆ (ನನ್ನ ಅನುಭವ)

"ಸ್ಟೀಲ್ ಡಬ್ಬಿ ಕೊಟ್ರೆ ಅದ್ರಲ್ಲಿ ಬಜ್ಜಿ ಹಿಟ್ಟು ತುಂಬ್ಕೊತಾರೆ ಅಣ್ಣ" ಎಂದು ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯವರು ಮೂರು ವರ್ಷದ ಹಿಂದೆ ನಕ್ಕಿದ್ದರು. ನಿಜವಾಗಿಯೂ ತುಂಬಿಕೊಂಡರು. ನನ್ನ ಟೀ ಪುಡಿ ತುಂಬಿ ಮೊದಲು ಕೊಟ್ಟ 40 ಡಬ್ಬಿಯಲ್ಲಿ ವಾಪಸ್ ಬಂದದ್ದು 23. ಒಂದರಲ್ಲಿ ಕಡ್ಲೆಹಿಟ್ಟು, ಒಂದರಲ್ಲಿ ಚಿಲ್ಲರೆ ಕಾಸು. ಇನ್ನೊಂದು ಮದುವೆ ಮನೆಯ ಪಂಕ್ತಿಯಲ್ಲಿ ಉಪ್ಪಿನಕಾಯಿ ತುಂಬಿಕೊಂಡು ನನ್ನ ಎಲೆ ಮುಂದೆಯೇ ಬಂತು. ಊಟಕ್ಕೆ ಕೂತವನು ಏನು ಹೇಳಲಿ, ಬಡಿಸಿಕೊಂಡೆ.

ಈಗ 62 ಅಂಗಡಿಗೆ ಪುಡಿ ಡಬ್ಬಿಯಲ್ಲೇ ಹೋಗುತ್ತದೆ. ಹೋದ ವರ್ಷ ಕಳೆದದ್ದು ಮೂರೋ ನಾಲ್ಕೋ. ಆಗ ನಕ್ಕವರೂ ಈಗ ಲೆಕ್ಕ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಚಿಂತಾಮಣಿ. ಡಸ್ಟ್, ಅಂದರೆ ನುಣ್ಣನೆಯ ಟೀ ಪುಡಿ, ಬ್ಲೆಂಡ್ ಮಾಡಿ ಹೋಟೆಲುಗಳಿಗೆ ಹಾಕುತ್ತೇನೆ, ತಿಂಗಳಿಗೆ 900 ಕೆಜಿ ಆಸುಪಾಸು. ಮೊದಲು ಎಲ್ಲರ ಹಾಗೆ ಬೆಳ್ಳಿ ಬಣ್ಣದ ಪೌಚೇ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಒಂದಕ್ಕೊಂದು ಅಂಟಿಸಿರುತ್ತಾರಲ್ಲ, ಗುಜರಿಯವರೂ ಮುಟ್ಟುವುದಿಲ್ಲ. ಒಂದು ದಿನ ಬೆಳಗ್ಗೆ ಕೆರೆ ಏರಿ ಮೇಲೆ ಯಾರೋ ಕಸಕ್ಕೆ ಬೆಂಕಿ ಹಾಕಿದ್ದರು. ಅರ್ಧ ಸುಟ್ಟ ಪೌಚಿನ ಮೇಲೆ ನನ್ನ ಹೆಸರು, ಫೋನ್ ನಂಬರ್ ಸಮೇತ! ನಾಚಿಕೆ ಆಯಿತು ಅಂತ ದೊಡ್ಡ ಮಾತು ಆಡಲ್ಲ, ಯಾರಾದರೂ ಫೋನ್ ಮಾಡಿ ಉಗಿದರೆ ಏನು ಗತಿ ಎಂದು ಭಯ ಆಯಿತು.

ಮೊದಲು ಖಾಕಿ ಕಾಗದದ ಚೀಲ ಮಾಡಿಸಿದೆ. ಟೀ ಪುಡಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ ಎಂದು ಗೊತ್ತಿದ್ದೂ ಮಾಡಿದೆ ನೋಡಿ. ಅಂಗಡಿಯವರು ಅದನ್ನು ಇಟ್ಟದ್ದು ಊದಿನಕಡ್ಡಿ, ಬಟ್ಟೆ ಸೋಪಿನ ಗೂಡಿನಲ್ಲಿ. "ನಿಮ್ ಟೀ ಕುಡಿದ್ರೆ ದೇವಸ್ಥಾನಕ್ಕೆ ಹೋಗ್ಬಂದಂಗೆ ಆಗುತ್ತೆ" ಎಂದರು ಒಬ್ಬರು. 60 ಕೆಜಿ ವಾಪಸ್. 17-18 ಸಾವಿರ ಹೋಯಿತು.

ಆಮೇಲೆ ದುಡ್ಡು ಉಳಿಸಲು ತಗಡಿನ ಡಬ್ಬಿ. ಒಂದು ಮಳೆಗಾಲಕ್ಕೆ ತುಕ್ಕು. ಅದರ ಕಥೆ ಬೇಡ ಬಿಡಿ.

ಕೊನೆಗೆ 5 ಕೆಜಿ ಹಿಡಿಯುವ ಸ್ಟೀಲ್ ಡಬ್ಬಿ, ಒಂದಕ್ಕೆ 420 ರೂಪಾಯಿ ಹತ್ತಿರ ಬಿತ್ತು. ಮೊದಲು ಸುಮ್ನೆ ಕೊಟ್ಟು 17 ಡಬ್ಬಿ ಕಳೆದುಕೊಂಡದ್ದು ಆಗಲೇ ಹೇಳಿದೆ. ಆಮೇಲೆ 400 ರೂಪಾಯಿ ಡಿಪಾಸಿಟ್ ಕೇಳಿದೆ, ಒಬ್ಬರೂ ಕೊಡಲಿಲ್ಲ. ಇಬ್ಬರು ಬೇರೆ ಬ್ರ್ಯಾಂಡಿಗೇ ಹೋದರು. ಕೆಲಸ ಮಾಡಿದ್ದು ಗ್ಯಾಸ್ ಸಿಲಿಂಡರ್ ಪದ್ಧತಿ. ಖಾಲಿ ಕೊಟ್ಟರೆ ತುಂಬಿದ್ದು, ಖಾಲಿ ಇಲ್ಲ ಅಂದರೆ ಪುಡಿ ಇಲ್ಲ. ಡಿಪಾಸಿಟ್ಟನ್ನು ಪ್ರತಿ ಬಿಲ್ಲಿಗೆ 20 ರೂಪಾಯಿ ಸೇರಿಸಿ 20 ಬಿಲ್ಲಿನಲ್ಲಿ ಎಳೆದುಕೊಂಡೆ, ಯಾರಿಗೂ ಭಾರ ಅನಿಸಲಿಲ್ಲ.

ಆದರೆ ಅಂಗಡಿಯವರು ಒಪ್ಪಿದ್ದು ಕೆರೆ ಉಳಿಯಲಿ ಅಂತ ಅಲ್ಲ ಸ್ವಾಮಿ. ಡಬ್ಬಿಯೊಳಗೆ ಒಂದು ಅಳತೆ ಚಮಚ ಇಟ್ಟೆ. ಟೀ ಮಾಸ್ಟರುಗಳು ಪೌಚಿನಿಂದ ಕೈ ಅಂದಾಜಿನಲ್ಲಿ ಸುರಿಯುತ್ತಿದ್ದರು, ಕೆಜಿಗೆ 340 ಗ್ಲಾಸ್ ಬಂದರೆ ಹೆಚ್ಚು. ಚಮಚ ಬಂದ ಮೇಲೆ 390, 400. ಈ ಲೆಕ್ಕ ತೋರಿಸಿದ ಮೇಲೆ ಡಬ್ಬಿಯನ್ನು ಗಲ್ಲಾ ಪೆಟ್ಟಿಗೆ ಪಕ್ಕ ಇಟ್ಟುಕೊಂಡರು! ಚಮಚದ ಅಳತೆ ಎಷ್ಟು ಎಂದು ಕೇಳಬೇಡಿ. ಅದನ್ನು ಕಂಡುಹಿಡಿಯಲು ನನಗೆ ಎಂಟು ತಿಂಗಳು ಹಿಡಿಯಿತು.

ತೊಳೆಯುವುದರಲ್ಲೂ ಪೆಟ್ಟು ತಿಂದೆ. ನಮ್ಮ ಬೋರ್ ನೀರು ಎಂಥದ್ದು ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಟೀ ಮಾಡಿದರೆ ಮೇಲೆ ಕೆನೆಯಲ್ಲದ ಕೆನೆ ಕಟ್ಟುತ್ತದೆ. ಅದಕ್ಕೆ ಅಂಗಡಿಗಳೆಲ್ಲ ಫಿಲ್ಟರ್ ನೀರಿನ ಕ್ಯಾನ್ ತರಿಸುತ್ತಾರೆ. ನಾನು ಬುದ್ಧಿವಂತಿಕೆ ಮಾಡಿ, ಫಿಲ್ಟರ್ ಘಟಕದಿಂದ ಚರಂಡಿಗೆ ಹೋಗುವ ನೀರನ್ನು ತಂದು ಡಬ್ಬಿ ತೊಳೆಸಿದೆ, ನೀರೂ ಉಳಿಯಿತು ಅಲ್ವಾ ಎಂದು. ಆ ನೀರಿನಲ್ಲಿ ಉಪ್ಪು ಇನ್ನೂ ಜಾಸ್ತಿ. ಡಬ್ಬಿಯೊಳಗೆ ಬಿಳಿ ಬಿಳಿ ಕಲೆ, ಸೋಪಿನ ಪುಡಿ ಬೆರೆಸಿದ್ದೀಯಾ ಎಂದು ಜಗಳ. ಒಂದು ಸಲ ಸರಿಯಾಗಿ ಒಣಗಿಸದೆ ತುಂಬಿ 45 ಕೆಜಿ ಬೂಷ್ಟು ಹಿಡಿಯಿತು. ಈಗ ಪ್ರತಿ ಸಲ ತೊಳೆಯುವುದೇ ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟು ತುಂಬುತ್ತೇವೆ. ಮುಚ್ಚಳದ ಒಳಗೆ ಏನೋ ಒಂದು ಅಂಟಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಇನ್ನು ಎಲೆ ವಿಷಯ. ಮೊದಲು ನೀಲಗಿರಿ ಬೆಟ್ಟದ ಕೂನೂರಿನ ಟೀ ಹರಾಜಿನ ಮಾಲನ್ನು ಏಜೆಂಟರ ಮೂಲಕ ತರುತ್ತಿದ್ದೆ. ಒಂದು ಸಲ ಅದೇ ಬೆಟ್ಟದ ಕೋತಗಿರಿ ಕಡೆ ಹೋದಾಗ ಅಲ್ಲಿನ ಬಡಗ ಸಮುದಾಯದ ಅಜ್ಜಿಯೊಬ್ಬರ ಜೊತೆ ಮಾತಾಡಿದೆ. ಅವರ ಬಡಗ ಭಾಷೆ ನನಗೆ ಅರ್ಧ, ತೆಲುಗು ಬೆರೆತ ನನ್ನ ಕನ್ನಡ ಅವರಿಗೆ ಅರ್ಧ. ಹಸಿ ಎಲೆಗೆ ಆಗ ಕೆಜಿಗೆ 16-17 ರೂಪಾಯಿ ಸಿಗುತ್ತಿತ್ತು, ಕೀಳುವ ಕೂಲಿಗೇ ಸಾಲದು ಎಂದರು. ಅದಕ್ಕೇ ಕತ್ತರಿ ಹಾಕಿ ಕೊಯ್ಯುತ್ತಾರೆ, ಬಲಿತ ಎಲೆ, ಕಡ್ಡಿ ಎಲ್ಲ ಬರುತ್ತದೆ, ಟೀ ಸಪ್ಪೆ.

ಒಂದು ಕೆಜಿ ಟೀ ಪುಡಿಗೆ ನಾಲ್ಕು, ನಾಲ್ಕೂವರೆ ಕೆಜಿ ಎಲೆ ಬೇಕು. ಕೆಜಿ ಎಲೆಗೆ ಎರಡು ರೂಪಾಯಿ ಜಾಸ್ತಿ ಕೊಟ್ಟರೆ ಕೆಜಿ ಪುಡಿಗೆ ಒಂಬತ್ತು ರೂಪಾಯಿ, ಗ್ಲಾಸಿಗೆ ಎರಡು ಪೈಸೆ ಚಿಲ್ಲರೆ. ಇಷ್ಟಕ್ಕಾ ಇಷ್ಟು ಗೋಳು ಅನಿಸಿತು. ಕೊಡಲು ಶುರು ಮಾಡಿದೆ, ಆದರೆ ಮೊದಲ ವರ್ಷ ಆ ದುಡ್ಡನ್ನು ಮಧ್ಯದವರ ಕೈಗೆ ಕೊಟ್ಟೆ. 30 ಸಾವಿರದ ಮೇಲೆ ಹೋಯಿತು, ಅಜ್ಜಿ ಕೈಗೆ ಒಂದು ರೂಪಾಯಿ ಸೇರಿರಲಿಲ್ಲ. ಈಗ 11 ಮನೆಯ ಬ್ಯಾಂಕ್ ಖಾತೆಗೆ ನೇರವಾಗಿ ಹಾಕುತ್ತೇನೆ. ಷರತ್ತು ಒಂದೇ, ಎರಡೆಲೆ ಒಂದು ಮೊಗ್ಗು, ಕೈಯಲ್ಲಿ ಕಿತ್ತದ್ದು. ಒಂದು ಟನ್ ಎಲೆಗೆ ಮೆಷಿನ್ ಹಾಕಲ್ಲ ಎಂದು ಫ್ಯಾಕ್ಟರಿಯವರು ಆರು ತಿಂಗಳು ಸತಾಯಿಸಿದರು. ಈಗ ವಾರಕ್ಕೊಂದು ದಿನ ಮೊದಲ ಟ್ರಫ್ (ಎಲೆ ಬಾಡಿಸುವ ತೊಟ್ಟಿ) ನಮ್ಮದು. ತಿಂಗಳಿಗೆ ಎಂಟು ಸಾವಿರ ಜಾಸ್ತಿ ಹೋಗುತ್ತದೆ. ಪೌಚು, ರಟ್ಟಿನ ಡಬ್ಬ ಇಲ್ಲದ್ದರಿಂದ ಆರು ಸಾವಿರ ಉಳಿಯುತ್ತದೆ. ಕಮ್ಮಿ ಬಿದ್ದ ಎರಡು ಸಾವಿರವನ್ನು ಪುಡಿ ರೇಟಿಗೆ ಏರಿಸಿದೆ, ಯಾರೂ ಕೇಳಲಿಲ್ಲ.

ಒಂದು ಮಾತ್ರ ಬಗೆಹರಿದಿಲ್ಲ. ನಮ್ಮಲ್ಲಿ ನೀಲಗಿರಿ ಅಂದರೆ ಮರ. ಅಂತರ್ಜಲ ಹೀರುತ್ತದೆ ಎಂದು ಬೈದು ಬೈದು 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಎಂದಿತು. ಅತ್ತ ನೀಲಗಿರಿ ಬೆಟ್ಟದಲ್ಲಿ ನನ್ನ ಎಲೆ ಒಣಗಿಸುವ ಫ್ಯಾಕ್ಟರಿ ಸೌದೆಯನ್ನೇ ಉರಿಸುತ್ತದೆ. ಪರಿಸರ ಅಂತ ಭಾಷಣ ಮಾಡಲು ಹೋದಾಗೆಲ್ಲ ಅದು ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ಇದರ ಮಧ್ಯೆ ಟೀ ಚರಟದ ಗೊಬ್ಬರಕ್ಕೂ ಕೈ ಹಾಕಿದೆ. ಡಬ್ಬಿ ತರಲು ಹೋದ ಗಾಡಿಯಲ್ಲೇ ಚರಟವನ್ನೂ ತಂದರೆ ಆಯಿತಲ್ಲ. ಹಾಲು ಸಕ್ಕರೆ ಜೊತೆ ಕುದಿಸಿದ ಚರಟ ಎರಡೇ ದಿನಕ್ಕೆ ಇರುವೆ, ಹುಳ, ಗಬ್ಬು ವಾಸನೆ. ಡಿಕಾಕ್ಷನ್ ಬೇರೆ ತೆಗೆಯುವ ಅಂಗಡಿಯದ್ದು ಮಾತ್ರ ಆಗುತ್ತದೆ. ಗುಲಾಬಿ ಬೆಳೆಯುವ ಗೆಳೆಯನಿಗೆ ಕೊಡುತ್ತೇನೆ, ಪರವಾಗಿಲ್ಲ ಅನ್ನುತ್ತಾನೆ, ಅದಕ್ಕಿಂತ ಜಾಸ್ತಿ ಹೊಗಳಿಲ್ಲ.

ಒಂದು ಸಂಜೆ ಬೈಕಿನಲ್ಲಿ ಒಬ್ಬ ಬಂದು, ಚರಟ ಒಣಗಿಸಿ ಕೊಟ್ಟರೆ ಕೆಜಿಗೆ 25 ಕೊಡುತ್ತೇನೆ ಅಂದ. ಯಾಕೆ ಅಂತ ನಮ್ಮ ಲೈನಿನವರಿಗೆ ಗೊತ್ತು, ಬಣ್ಣ ಹಾಕಿ ಮತ್ತೆ ಪುಡಿ ಮಾಡಿ ಮಾರುತ್ತಾರೆ. ಅಂಥ ಪುಡಿಯನ್ನು ಒದ್ದೆ ಕಾಗದದ ಮೇಲೆ ಉದುರಿಸಿದರೆ ತಕ್ಷಣ ಬಣ್ಣ ಬಿಡುತ್ತದೆ, ನೋಡಿ ಬೇಕಾದರೆ. ಅವತ್ತಿನಿಂದ ಪ್ರತಿ ಅಂಗಡಿಗೆ ಹೋದಾಗಲೇ ಚರಟದ ಡ್ರಮ್ಮಿಗೆ ಒಂದು ಬೊಗಸೆ ಸಗಣಿ ಕಲಸಿ ಬರುತ್ತೇನೆ. ಅವನು ಮತ್ತೆ ಬಂದಿಲ್ಲ.