‘ನಥಿಂಗ್’ ಪದದ ನಾನಾ ವೇಷ: ಗುರುತಿಸುವುದು ಹೇಗೆ?

ಇಂಗ್ಲಿಷ್ ಕಾದಂಬರಿಯಲ್ಲೋ ಸಬ್‌ಟೈಟಲ್‌ನಲ್ಲೋ ನಫಿನ್, ನಟಿನ್, ನೌಟ್ ಅಂತೆಲ್ಲ ಕಂಡರೆ ಗಾಬರಿ ಬೇಡ. ಎಲ್ಲವೂ ನಥಿಂಗ್, ಅಂದರೆ ‘ಏನೂ ಇಲ್ಲ’ ಅಷ್ಟೇ. ಆದರೆ ಮಾತಾಡುವವರು ಯಾವ ಕಡೆಯವರು ಅಂತ ಆ ಸ್ಪೆಲಿಂಗೇ ಹೇಳಿಬಿಡುತ್ತದೆ.

ಮೊದಲು ಪದದ ಕೊನೆ ನೋಡಿ. ಜಿ ಹೋಗಿ ಅಪಾಸ್ಟ್ರಫಿ ಬಂದಿದ್ದರೆ ಊರು ಗೊತ್ತಾಗಲ್ಲ, ಯಾಕೆಂದರೆ ಆರಾಮಾಗಿ ಮಾತಾಡುವಾಗ ಅಮೆರಿಕದಿಂದ ಆಸ್ಟ್ರೇಲಿಯಾದವರೆಗೆ ಎಷ್ಟೋ ಜನ ಹಾಗೇ ಅನ್ನುತ್ತಾರೆ. ಜಿ ಬದಲು ಕೆ ಇದ್ದರೆ ಲಂಡನ್ ಅಥವಾ ಆಸ್ಟ್ರೇಲಿಯಾ ಇರಬಹುದು.

ನಿಜವಾದ ಸುಳಿವು ನಡುವಿನ ಟಿ-ಎಚ್‌ನಲ್ಲಿದೆ. ಅಲ್ಲಿ ಎರಡು ಎಫ್ ಇದ್ದರೆ ಸಾಮಾನ್ಯವಾಗಿ ಲಂಡನ್‌ನ ಕಾಕ್ನಿ ಮಾತು. ಎರಡು ಟಿ ಇದ್ದರೆ ಹೆಚ್ಚಾಗಿ ಐರ್ಲೆಂಡ್ ಅಥವಾ ಜಮೈಕಾ. ಇವೆರಡರಲ್ಲಿ ಯಾವುದು ಅನ್ನುವುದನ್ನು ಅಕ್ಕಪಕ್ಕದ ಪದಗಳಿಂದಲೇ ತಿಳಿಯಬೇಕು. ಶುರುವಿನ ‘ನ’ ‘ನೇ’ ಆಗಿ ನೇಥಿಂಗ್ ಅಂತಿದ್ದರೆ ಸ್ಕಾಟ್ಲೆಂಡ್.

ನೌಟ್ ಮಾತ್ರ ಬೇರೆ ಕತೆ. ಎನ್, ಒ, ಡಬ್ಲ್ಯು, ಟಿ ಅಂತ ಬರೆಯುತ್ತಾರೆ. ಇದು ನಥಿಂಗ್‌ನ ಉಚ್ಚಾರ ಕೆಟ್ಟು ಆದದ್ದಲ್ಲ, ‘ನಾಟ್’ (ಎನ್, ಎ, ಯು, ಜಿ, ಎಚ್, ಟಿ) ಅನ್ನುವ ಇನ್ನೊಂದು ಹಳೇ ಪದದ ಉತ್ತರ ಇಂಗ್ಲೆಂಡಿನ ರೂಪ. ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆ ಜಾಸ್ತಿ. ಕೆಲವರ ಬಾಯಲ್ಲಿ ‘ನೌಟ್’, ಕೆಲವರ ಬಾಯಲ್ಲಿ ‘ನೋಟ್’ ಅಂತ ಕೇಳುತ್ತದೆ. ಏನಾದರೂ ಅನ್ನುವುದಕ್ಕೆ ‘ಔಟ್’, ಏನೋ ಒಂದು ಅನ್ನುವುದಕ್ಕೆ ‘ಸಮಟ್’ ಇದರ ಜೊತೆಗಾರರು. ಈ ‘ಔಟ್’ ಹೊರಗೆ ಅನ್ನುವ ಔಟ್ ಅಲ್ಲ, ಸ್ಪೆಲಿಂಗ್‌ನಲ್ಲಿ ಒ ಆದ ಮೇಲೆ ಡಬ್ಲ್ಯು ಇದೆಯಾ ನೋಡಿಕೊಳ್ಳಿ.

ಒಂದು ಮೋಸದ ಸ್ಪೆಲಿಂಗೂ ಇದೆ. ಒ ಬದಲು ಯು ಹಾಕಿ ಬರೆದರೂ ಉಚ್ಚಾರ ಒಂಚೂರೂ ಬದಲಾಗಲ್ಲ, ಅಲ್ವಾ? ಪಾತ್ರ ಓದಿಲ್ಲದವನು ಅಂತ ತೋರಿಸಲು ಲೇಖಕರು ಸುಮ್ನೆ ಹಾಗೆ ಬರೆಯುತ್ತಾರೆ. ಇದಕ್ಕೆ ‘ಐ ಡಯಲೆಕ್ಟ್’, ಅಂದರೆ ಕಣ್ಣಿಗಷ್ಟೇ ಕಾಣುವ ಆಡುನುಡಿ ಅನ್ನುತ್ತಾರೆ. ನನಗಂತೂ ಇದು ಕೊಂಚ ಕುಹಕ ಅನ್ನಿಸುತ್ತದೆ.

ಅರ್ಥ ಮಾಡಿಕೊಳ್ಳುವಾಗ ಎಡವುವುದು ಎರಡು ನಿಷೇಧ ಬಂದಾಗ. ‘ಐ ಡಿಡಂಟ್ ಸೀ ನಫಿನ್’ ಅಂದರೆ ಏನೋ ನೋಡಿದೆ ಅಂತಲ್ಲ, ಏನೂ ನೋಡಲಿಲ್ಲ ಅಂತಲೇ.

ನೀವೇ ಸಂಭಾಷಣೆ ಬರೆಯುವುದಾದರೆ ಒಂದು ಪಾತ್ರಕ್ಕೆ ಒಂದೇ ಊರಿನ ಮಾತು ಕೊಡಿ. ನೌಟ್ ಅಂದ ಯಾರ್ಕ್‌ಶೈರ್ ಅಜ್ಜ ಮುಂದಿನ ಸಾಲಲ್ಲಿ ನಟಿನ್ ಅಂದರೆ ಅಲ್ಲಿನವರು ಓದುವುದನ್ನು ನಿಲ್ಲಿಸಿ ನಗುತ್ತಾರೆ.