ಭಜನೆ ಪೆಟ್ಟಿಗೆಯಲ್ಲಿ ಬ್ಲೂಸ್: ಎರಡು ಬೆರಳು, ಒಂದು ಗುದ್ದು

ಭಜನೆಯ ಹಾರ್ಮೋನಿಯಂನಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ನುಡಿಸುವುದಾದರೆ ಮೊದಲು ಶ್ರುತಿಪೆಟ್ಟಿಗೆ ಆಫ್ ಮಾಡಿ. ಭಜನೆಗೆ ಕೂತ ಅಭ್ಯಾಸದಲ್ಲಿ ಅದನ್ನು ಹಾಕಿಕೊಂಡೇ ಬ್ಲೂಸ್ ನುಡಿಸಿದ್ದು ನನ್ನ ಮೊದಲ ತಪ್ಪು. ಒಂಬತ್ತನೇ ಬಾರಿನಲ್ಲಿ (ಒಂದು ಬಾರ್ ಎಂದರೆ ನಾಲ್ಕು ಎಣಿಕೆ) ಜಿ ಸೆವೆನ್ ಎಂಬ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬಂದಾಗ ಅದರ ನಿ3 (ಅಂಕೆ ದೊಡ್ಡದಾದಷ್ಟು ಸ್ವರ ಮೇಲೆ; ಇದು ಷಡ್ಜದ ಪಕ್ಕದ್ದೇ), ಗುಂಯ್‌ಗುಡುತ್ತಿರುವ ಷಡ್ಜಕ್ಕೆ ಉಜ್ಜುತ್ತದೆ. ಹಾರ್ಮೋನಿಯಂನ ಶ್ರುತಿ ಕೆಟ್ಟಿದೆಯೆಂದು ರೀಡು (ಗಾಳಿಗೆ ಅದುರಿ ನುಡಿಯುವ ಲೋಹದ ನಾಲಿಗೆ) ಕೆರೆಯಲು ಕೂತೆ. ಆರೇಳು ರೀಡು ಹಾಳಾದ ಮೇಲೆ ಕಾರಣ ಹೊಳೆಯಿತು.

"ಉಂದು ಆಪುಜಿ ಮಾರಾಯ್ರೇ" (ತುಳುವಿನಲ್ಲಿ, ಇದು ಆಗುವುದಿಲ್ಲ) ಅಂದವರೆಲ್ಲ ಹೇಳಿದ ಕಾರಣ ಒಂದೇ: ಎಡಗೈ ಗಾಳಿ ಹಾಕುವ ತಿದಿಗೆ ಹೋಯಿತು, ಉಳಿದದ್ದು ಐದು ಬೆರಳು, ಕಾರ್ಡ್ ಎಲ್ಲಿ ಹಿಡಿಯುವುದು, ರಾಗ ಎಲ್ಲಿ ನುಡಿಸುವುದು? ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಗಮಕ ಹೊರಡಿಸಿದ ಊರಿನಲ್ಲಿ ಈ ಮಾತು ಬರಬಾರದಿತ್ತು. ಇರಲಿ.

ಉತ್ತರ ಎರಡು ಬೆರಳಿನಲ್ಲಿದೆ. ಬಿಳಿ ಒಂದನ್ನು (ಪಾಶ್ಚಾತ್ಯರ ಸಿ) ಷಡ್ಜ ಇಟ್ಟುಕೊಳ್ಳಿ. ಸಿ ಸೆವೆನ್‌ಗೆ ಗ3–ನಿ2 ಸಾಕು. ಸ, ಪ ಬೇಡವೇ ಬೇಡ. ಆ ಜೋಡಿಯನ್ನು ಹಾಗೇ ಅರ್ಧ ಸ್ವರ, ಅಂದರೆ ಕಪ್ಪು-ಬಿಳಿ ಸೇರಿಸಿ ಎಣಿಸಿ ಪಕ್ಕದ ಮನೆಗೆ (ಕೀಗೆ), ಕೆಳಗಿಳಿಸಿದರೆ ಗ2–ದ2, ಅಂದರೆ ಎಫ್ ಸೆವೆನ್. ಅರ್ಧ ಸ್ವರ ಮೇಲೇರಿಸಿದರೆ ಮ1–ನಿ3, ಜಿ ಸೆವೆನ್. ಮೂರರಲ್ಲೂ ಎರಡು ಸ್ವರಗಳ ನಡುವಿನ ಅಂತರ ಆರು ಅರ್ಧ ಸ್ವರವೇ. ಹೆಬ್ಬೆರಳು, ತೋರುಬೆರಳು ಇದನ್ನು ಹಿಡಿದರೆ ಉಳಿದ ಮೂರು ಬೆರಳು ಹಾಡಿಗೆ ಸಿಕ್ಕಿತು. ಹಾಡಿಲ್ಲದ ಕಡೆ ಮೇಲೊಂದು ಸ್ವರ ಸೇರಿಸಬಹುದು: ಸಿ ಸೆವೆನ್‌ಗೂ ಎಫ್ ಸೆವೆನ್‌ಗೂ ಅದೇ ತಾರಸ್ಥಾಯಿಯ ರಿ2. ಕೆಳಗಿನ ಎರಡು ಜಾರುತ್ತವೆ, ಕಿರುಬೆರಳು ಅಲುಗುವುದಿಲ್ಲ. ಜಿ ಸೆವೆನ್‌ಗೆ ಮಾತ್ರ ಅದನ್ನು ಗ3ಕ್ಕೆ ಏರಿಸಿ.

ಕಪ್ಲರ್ (ಒಂದು ಮನೆ ಒತ್ತಿದರೆ ಕೆಳಗಿನ ಸ್ಥಾಯಿಯ ಅದೇ ಸ್ವರವನ್ನೂ ಒತ್ತುವ ಸಾಧನ) ಮುಚ್ಚಿ. ಎರಡು ಸಾಲು ರೀಡಿನ ಪೆಟ್ಟಿಗೆಯಲ್ಲಿ ಮೂರು ಮನೆ ಒತ್ತಿದರೆ ಆರು ರೀಡು ಗಾಳಿ ಕುಡಿಯುತ್ತವೆ. ಕಪ್ಲರ್ ಇದ್ದರೆ ಹನ್ನೆರಡು. ಗಾಳಿಯೂ ಸಾಲದು, ಕೆಳಗಿನ ಸ್ಥಾಯಿಯಲ್ಲಿ ಸದ್ದು ಕೆಸರಾಗುತ್ತದೆ. ನಾನು ಬಾಸ್ ಸಾಲಿನ ಸ್ಟಾಪ್ (ಆ ರೀಡುಗಳಿಗೆ ಗಾಳಿ ಬಿಡುವ ಗುಬ್ಬಿ) ಕೂಡ ಎಳೆಯುವುದಿಲ್ಲ.

ಹನ್ನೆರಡು ಬಾರಿನ ಲೆಕ್ಕ ನಮ್ಮವರಿಗೆ ಹೇಳುವುದು ಸುಲಭ: ಎಂಟೆಣಿಕೆಯ ಆದಿತಾಳದ ಆರು ಆವರ್ತ. ಎರಡು ಆವರ್ತ ಸಿ, ಒಂದು ಎಫ್, ಒಂದು ಸಿ, ಐದನೆಯದು ಅರ್ಧ ಜಿ ಅರ್ಧ ಎಫ್, ಕೊನೆಯದು ಸಿ. ಸ್ವಿಂಗ್‌ಗೆ (ಬ್ಲೂಸಿನ ತೂಗುವ ಲಯಕ್ಕೆ) ಒಂದೆಣಿಕೆಗೆ ಮೂರು ಬೀಳುವ ತಿಶ್ರ ನಡೆ ಹಾಕಿ, ತ-ಕಿ-ಟದ 'ಕಿ' ನುಂಗಿ. ಲಯ ಏರಿದಂತೆ ಈ ಲೆಕ್ಕ ಬಿಡಬೇಕು. ಜೋರು ಲಯದಲ್ಲಿ ಅದನ್ನೇ ಹಿಡಿದರೆ ಕುದುರೆ ಕುಂಟಿದ ಹಾಗಿರುತ್ತದೆ.

ನಿಜವಾದ ಕಷ್ಟ ಒತ್ತು, ಅಂದರೆ ಕೆಲವು ಎಣಿಕೆಯನ್ನು ಜೋರಾಗಿ ಕೇಳಿಸುವುದು. ಮನೆಯನ್ನು ಎಷ್ಟು ಜೋರಾಗಿ ಒತ್ತಿದರೂ ಹಾರ್ಮೋನಿಯಂಗೆ ಒಂದೇ, ಒತ್ತು ಬರಬೇಕಾದದ್ದು ತಿದಿಯಿಂದ. ಒಳಗಿನ ತಿದಿ ಅರ್ಧ ಖಾಲಿ ಇದ್ದರೆ ನಿಮ್ಮ ಗುದ್ದನ್ನು ಸ್ಪ್ರಿಂಗು ತಿಂದುಬಿಡುತ್ತದೆ. ಪೂರ್ತಿ ತುಂಬಿದ್ದಾಗ ಕೊಟ್ಟ ಗುದ್ದು ಮಾತ್ರ ನೇರ ರೀಡಿಗೆ ಮುಟ್ಟುತ್ತದೆ. ಆದ್ದರಿಂದ ಬಾರಿನ ಒಂದು, ಮೂರನೇ ಎಣಿಕೆಗೆ ಮೆಲ್ಲ ತುಂಬಿಸಿ, ಎರಡು, ನಾಲ್ಕಕ್ಕೆ ಗಿಡ್ಡ ಗುದ್ದು ಕೊಡಿ. ಇದೊಂದೇ ಕೂರಲು ಮಳೆಗಾಲವಿಡೀ ಹಿಡಿಯಿತು. ಗುದ್ದು ಜಾಸ್ತಿಯಾದರೆ ಸ್ವರ ಸ್ವಲ್ಪ ಇಳಿಯುತ್ತದೆ. ನಾಲಿಗೆಯ ತುದಿ ಪಟ್ಟಿಗೆ ತೀರಾ ಅಂಟಿಕೊಂಡಂತಿರುವ ರೀಡು ಉಸಿರು ಕಟ್ಟಿ ನುಡಿಯುವುದೇ ಇಲ್ಲ. ಅಂಥದ್ದರ ತುದಿಯನ್ನು ಕೂದಲೆಳೆಯಷ್ಟು ಎತ್ತಬೇಕು.

ಎಡಗೈ ಬಿಡಿಸಿಕೊಳ್ಳೋಣ ಎಂದು ನಡುವೆ ಒಂದು ಹುಚ್ಚಾಟವೂ ಆಯಿತು. ಹಳೆಯ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಬಿಡುವ ಬಾಯಿಗೆ ಪೈಪು ಹಾಕಿ ಪೆಟ್ಟಿಗೆಗೆ ಜೋಡಿಸಿದೆ. ರೆಗ್ಯುಲೇಟರ್, ಪೈಪು, ಬಡಗಿಯ ಕೂಲಿ ಸೇರಿ ಎರಡೂವರೆ ಸಾವಿರದಷ್ಟು ನೀರಿಗೆ. ಮೋಟಾರಿನ ಸದ್ದು ಹೋಗಲಿ, ಗಾಳಿ ಒಂದೇ ಸಮ ಬರುವುದರಿಂದ ಒತ್ತೇ ಸತ್ತುಹೋಯಿತು. ಎಡಗೈ ಇಲ್ಲಿ ಗಾಳಿ ಹಾಕುವ ಆಳಲ್ಲ, ಡ್ರಮ್ಮು.

ಇನ್ನು ಬ್ಲೂ ನೋಟ್, ಅಂದರೆ ಗ2, ಗ3ರ ನಡುವೆ ಬಾಗುವಂಥ ಸ್ವರ. ಸ್ವರ ಬಾಗಿಸಲು, ಗಮಕ ಕೊಡಲು ಬರುವುದಿಲ್ಲವೆಂದೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಬ್ಲೂಸಿಗೂ ಅದೇ ಕೊರತೆ. ಗ2, ಗ3 ಎರಡನ್ನೂ ಒಟ್ಟಿಗೆ ಚಚ್ಚಿ ಗ2 ತಕ್ಷಣ ಬಿಟ್ಟರೆ ಕಿವಿ ಮುಕ್ಕಾಲು ಮೋಸ ಹೋಗುತ್ತದೆ. ಮನೆಯನ್ನು ಅರ್ಧ ಮಾತ್ರ ಒತ್ತಿ ಗಾಳಿ ಏರಿಸಿದರೆ ದಪ್ಪ ರೀಡುಗಳು ನಿಜಕ್ಕೂ ಸ್ವಲ್ಪ ಬಾಗುತ್ತವೆ. ನನ್ನ ಪೆಟ್ಟಿಗೆಯಲ್ಲಿ ಮೂರು ಮನೆ ಚೆನ್ನಾಗಿಯೇ ಬಾಗುತ್ತವೆ. ಅವುಗಳ ಮುಚ್ಚಳಕ್ಕೆ ಏನು ಅಂಟಿಸಿದ್ದೇನೆ ಎಂಬುದು ಸದ್ಯ ನನ್ನ ಹತ್ತಿರವೇ ಇರಲಿ.

ಭಜನೆ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಗ3 ತಂಬೂರಿಗೆ ಕೂರುವಂತೆ ಇಳಿಸಿರುತ್ತಾರೆ. ಗಿಟಾರಿನವರು ಜೊತೆಗಿದ್ದರೆ ಅದು ಹದಿನಾಲ್ಕು ಸೆಂಟಿನಷ್ಟು (ಅರ್ಧ ಸ್ವರಕ್ಕೆ ನೂರು ಸೆಂಟು) ಕೆಳಗೆ ಕೇಳುತ್ತದೆ. ಏರಿಸಲು ನಾಲಿಗೆಯ ತುದಿ ಕೆರೆಯಿರಿ, ಇಳಿಸಲು ಬುಡ. ಸಣ್ಣ ಅರ, ಎರಡೇ ಎಳೆತ, ಬಿಸಿ ಆರಲು ಬಿಟ್ಟು ಮತ್ತೆ ಕೇಳಿ. ನಾನು ಕಳೆದುಕೊಂಡ ರೀಡುಗಳೆಲ್ಲ ಮೂರನೇ ಎಳೆತದವು. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಗೆ ಏಳು ಸಾವಿರ, ಹೊಸ ರೀಡು, ಚರ್ಮ, ರಿಪೇರಿಗೆ ನಾಲ್ಕರ ಹತ್ತಿರ. ವ್ಯಾಕ್ಯೂಮ್ ಕ್ಲೀನರಿನ ಪಾಪವೂ ಸೇರಿ ಹದಿಮೂರು, ಹದಿನಾಲ್ಕು ಆಗಿರಬೇಕು.

ಜೂನ್‌ನಿಂದ ನಮ್ಮ ಕರಾವಳಿಯಲ್ಲಿ ಮನೆಗಳು ಉಬ್ಬಿ ಸಿಕ್ಕಿಕೊಳ್ಳುತ್ತವೆ, ಸ್ಪ್ರಿಂಗಿಗೆ ತುಕ್ಕು, ಚರ್ಮಕ್ಕೆ ಬೂಸರು. ಎಣ್ಣೆ ಮಾತ್ರ ಹಾಕಬೇಡಿ, ಮರ ಇನ್ನಷ್ಟು ಉಬ್ಬುತ್ತದೆ. ತೇವ ಆರಲು ಕಪಾಟಿನ ಕೆಳಗೆ ಒಂದು ಹಳೆಯ ಕಾಲದ ನಲ್ವತ್ತು ವ್ಯಾಟಿನ ಬಲ್ಬು, ಪೆಟ್ಟಿಗೆಯಿಂದ ಒಂದು ಮೊಳ ದೂರ.

ತಾಳವಾದ್ಯಕ್ಕೆ ಚೆಂಡೆ ಪ್ರಯತ್ನಿಸಿದೆವು, ಪೆಟ್ಟಿಗೆ ಕೇಳಲೇ ಇಲ್ಲ. ಮದ್ದಳೆ ಪರವಾಗಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಕೂತದ್ದು ಭಜನೆಯ ತಾಳವೇ. ಎರಡು, ನಾಲ್ಕಕ್ಕೆ ಒತ್ತಿ ಹಿಡಿದು ಸದ್ದು ಮುಚ್ಚಿದರೆ ಸಾಕ್ಷಾತ್ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಟ್ಟೆ). ತಾಳದವರು ಎರಡನೇ ಆವರ್ತದಲ್ಲೇ ಮರೆತು ಒಂದು, ಮೂರಕ್ಕೆ ವಾಪಸು ಹೋಗುತ್ತಾರೆ. ಅದಕ್ಕೆ ನನ್ನ ಹತ್ತಿರ ಇನ್ನೂ ಮದ್ದಿಲ್ಲ.